ಮನೆ ನಮ್ಮದು, ಬೀಗದ ಕೈ ಬಿಲ್ಡರ್ ಹತ್ತಿರ: ಹಳೇ ಥಿಂಕ್‌ಪ್ಯಾಡಿಗೆ ಲಿಬ್ರೆಬೂಟ್ ಹಾಕುವ ಬಗ್ಗೆ

ಲಿನಕ್ಸ್ ಹಾಕಿಕೊಂಡವರೆಲ್ಲ ಒಂದಲ್ಲ ಒಂದು ಸಲ "ನನ್ನ ಕಂಪ್ಯೂಟರಿನಲ್ಲಿ ಈಗ ಇರುವುದೆಲ್ಲ ಮುಕ್ತ ತಂತ್ರಾಂಶವೇ" ಅಂತ ಎದೆಯುಬ್ಬಿಸಿ ಹೇಳಿರುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರು. ಪವರ್ ಬಟನ್ ಒತ್ತಿದ ಮೇಲೆ, ಲಿನಕ್ಸ್ ಕರ್ನೆಲ್ ಕಣ್ಣು ಬಿಡುವುದಕ್ಕೆ ಮುಂಚಿನ ಆ ಕೆಲವು ಸೆಕೆಂಡುಗಳು ಯಾರದು? ಅಷ್ಟು ಹೊತ್ತು ಯಂತ್ರವನ್ನು ಆಳುವುದು ಮದರ್‌ಬೋರ್ಡಿನ ಮೇಲಿರುವ ಸಣ್ಣದೊಂದು ಚಿಪ್ಪಿನೊಳಗಿನ ತಂತ್ರಾಂಶ. ಬಯೋಸ್ ಅನ್ನಿ, ಯುಇಎಫ್ಐ ಅನ್ನಿ. ಅದರ ಮೂಲ ಸಂಕೇತ ನಮಗೆ ಸಿಗುವುದಿಲ್ಲ, ಓದುವ ಹಾಗಿಲ್ಲ, ತಿದ್ದುವ ಹಾಗಂತೂ ಇಲ್ಲವೇ ಇಲ್ಲ. ಮನೆ ಕೊಂಡು ಗೃಹಪ್ರವೇಶ ಮಾಡಿ, ಸುಣ್ಣ ಬಣ್ಣ ಎಲ್ಲ ನಮ್ಮಿಷ್ಟದಂತೆ ಬಳಿದುಕೊಂಡು, ಮುಂಬಾಗಿಲ ಬೀಗದ ಕೈಯನ್ನು ಮಾತ್ರ ಬಿಲ್ಡರ್ ಹತ್ತಿರವೇ ಬಿಟ್ಟ ಹಾಗೆ.

"ಅಯ್ಯೋ, ಬೂಟ್ ಆಗೋದಷ್ಟೇ ತಾನೆ, ಅದರಲ್ಲೇನಿದೆ" ಅನ್ನುವವರಿಗಾಗಿ ಸ್ವಲ್ಪ ವಿವರ. ಕಂಪ್ಯೂಟರ್ ಆನ್ ಆದ ಮೊದಲ ಕ್ಷಣದಲ್ಲಿ ರ್‍ಯಾಮ್ ಕೂಡ ಕೆಲಸ ಮಾಡುತ್ತಿರುವುದಿಲ್ಲ. ಯಾವ ಸ್ಲಾಟಿನಲ್ಲಿ ಎಷ್ಟು ಮೆಮೊರಿ ಇದೆ, ಎಷ್ಟು ವೇಗದ್ದು, ಎಷ್ಟು ಹೊತ್ತು ಕಾಯಬೇಕು ಅಂತ ಯಾರಾದರೂ ಕಂಡುಹಿಡಿದು ಹೊಂದಿಸಿಕೊಟ್ಟ ಮೇಲೇ ಅದು ಜೀವ ಪಡೆಯುವುದು. ಹಾಗಾದರೆ ಈ ಹೊಂದಿಸುವ ಪ್ರೋಗ್ರಾಮು ತನ್ನ ಲೆಕ್ಕಗಳನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಪ್ರೊಸೆಸರಿನೊಳಗಿನ ಕ್ಯಾಶೆಯನ್ನೇ ತಾತ್ಕಾಲಿಕವಾಗಿ ರ್‍ಯಾಮ್ ಥರ ಬಳಸಿಕೊಳ್ಳುತ್ತದೆ! ಈ ಉಪಾಯವನ್ನು ಮೊದಲ ಸಲ ಓದಿದಾಗ ನಾನು ಎದ್ದು ಒಂದು ಲೋಟ ಕಾಫಿ ಮಾಡಿಕೊಂಡು ಬಂದು ಮತ್ತೆ ಓದಿದೆ. ಇಷ್ಟು ಚೆಂದದ ಕೆಲಸ ಮಾಡುವ ಕೋಡನ್ನು ಮುಚ್ಚಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಇದು ಮೊದಲಿನಿಂದಲೂ ಹೀಗಿರಲಿಲ್ಲ ಅನ್ನುವುದು ತಮಾಷೆಯ ಸಂಗತಿ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ಬಿಟ್ಟಾಗ ಅದರ ತಾಂತ್ರಿಕ ಕೈಪಿಡಿಯಲ್ಲಿ ಬಯೋಸಿನ ಅಸೆಂಬ್ಲಿ ಕೋಡನ್ನು ಪೂರ್ತಿಯಾಗಿ ಅಚ್ಚು ಹಾಕಿ ಕೊಟ್ಟಿತ್ತು. ಹಕ್ಕುಸ್ವಾಮ್ಯ ಅವರದ್ದೇ, ನಕಲು ಮಾಡುವ ಹಾಗಿರಲಿಲ್ಲ. ಆದರೆ ದುಡ್ಡು ಕೊಟ್ಟು ಕೈಪಿಡಿ ಕೊಂಡವನು ತನ್ನ ಯಂತ್ರ ಹೇಗೆ ಏಳುತ್ತದೆ ಅಂತ ಓದಬಹುದಿತ್ತು. ಆಮೇಲೆ ಕಾಂಪ್ಯಾಕ್, ಫೀನಿಕ್ಸ್ ಕಂಪನಿಗಳು ಆ ಕೋಡನ್ನು ನೋಡದವರನ್ನೇ ಕೂರಿಸಿ ಅದೇ ಕೆಲಸ ಮಾಡುವ ಬೇರೆ ಬಯೋಸ್ ಬರೆಸಿದವು. ಐಬಿಎಂ ಅಲ್ಲದ ಪಿಸಿಗಳು ಲೋಕವೆಲ್ಲ ತುಂಬಿದ್ದು ಹೀಗೆ. ಇವತ್ತು ನಮ್ಮ ನಿಮ್ಮ ಮೇಜಿನ ಮೇಲೆ ಇಷ್ಟು ಅಗ್ಗದ ಕಂಪ್ಯೂಟರ್ ಇರುವುದಕ್ಕೆ ಒಂದು ಕಾರಣ ಬಯೋಸನ್ನು ಬೇರೆಯವರೂ ಬರೆಯಲು ಸಾಧ್ಯವಾಗಿದ್ದು. ಆಮೇಲೆ ಆ ಹೊಸಬರೇ ಬಾಗಿಲು ಹಾಕಿಕೊಂಡು ಕೂತರು ಅನ್ನುವುದು ಬೇರೆ ಮಾತು :)

ಮತ್ತೆ ಬಾಗಿಲು ತಟ್ಟಿದ್ದು 1999ರಲ್ಲಿ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ರಾನ್ ಮಿನಿಕ್ ಅನ್ನುವವರು ಲಿನಕ್ಸ್‌ಬಯೋಸ್ ಶುರು ಮಾಡಿದರು. ನೂರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಕಟ್ಟಿ ಲೆಕ್ಕ ಮಾಡಿಸುವ ಜಾಗದಲ್ಲಿ ಒಂದೊಂದು ಯಂತ್ರವೂ ಕೀಬೋರ್ಡ್ ಇಲ್ಲ, ಎಫ್1 ಒತ್ತಿ ಅಂತ ನಿಂತರೆ ಏನು ಗತಿ ಯೋಚಿಸಿ! 2008ರಲ್ಲಿ ಅದರ ಹೆಸರು ಕೋರ್‌ಬೂಟ್ ಅಂತಾಯಿತು. ಗೂಗಲ್‌ನ ಕ್ರೋಮ್‌ಬುಕ್‌ಗಳು ಏಳುವುದು ಇದರಿಂದಲೇ. 2013ರ ಕೊನೆಯಲ್ಲಿ ಲೀಯಾ ರೋ ಅವರು ಶುರು ಮಾಡಿದ ಲಿಬ್ರೆಬೂಟ್‌ಗೂ ಕೋರ್‌ಬೂಟ್‌ಗೂ ಇರುವ ಸಂಬಂಧ, ಡೆಬಿಯನ್‌ಗೂ ಲಿನಕ್ಸ್ ಕರ್ನೆಲ್‌ಗೂ ಇರುವ ಸಂಬಂಧದ ಹಾಗೆ ಅಂದುಕೊಳ್ಳಿ. ನಾವೇ ಕಟ್ಟಿಕೊಳ್ಳುವ ಕಷ್ಟ ಬೇಡ ಅಂತ ಮಾದರಿಗೆ ತಕ್ಕಂತೆ ಜೋಡಿಸಿ ಕೊಡುತ್ತಾರೆ.

ಈಗ ನನ್ನ ಥಿಂಕ್‌ಪ್ಯಾಡ್ ಎಕ್ಸ್200 ವಿಷಯಕ್ಕೆ ಬರೋಣ. 2008ರ ಮಾದರಿ. ಕೋರ್ 2 ಡ್ಯುಯೋ ಪ್ರೊಸೆಸರ್, ಹನ್ನೆರಡು ಇಂಚಿನ ಪರದೆ, ಹೆಚ್ಚೆಂದರೆ 8 ಜಿಬಿ ರ್‍ಯಾಮ್. ಕೀಬೋರ್ಡು ಮಾತ್ರ ಇವತ್ತಿನ ಯಾವ ಲ್ಯಾಪ್‌ಟಾಪಿನಲ್ಲೂ ಸಿಗದಂಥದ್ದು. ಕನ್ನಡ ಟೈಪ್ ಮಾಡುವವರು ಒಂದು ಸಲ ಅದರ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ಮಾತಾಡಿ.

ಆದರೆ ನಾನು ಇದನ್ನು ಹುಡುಕಿ ಕೊಂಡದ್ದು ಕೀಬೋರ್ಡಿಗಾಗಿ ಅಲ್ಲ. ಇಂಟೆಲ್ ಚಿಪ್‌ಸೆಟ್‌ಗಳೊಳಗೆ ಮ್ಯಾನೇಜ್‌ಮೆಂಟ್ ಎಂಜಿನ್ ಅಂತ ಇನ್ನೊಂದು ಪುಟ್ಟ ಪ್ರೊಸೆಸರ್ ಇರುತ್ತದೆ. ನಿಮ್ಮ ಪ್ರೊಸೆಸರಿಗೂ ನಿಮ್ಮ ಆಪರೇಟಿಂಗ್ ಸಿಸ್ಟಮ್ಮಿಗೂ ಅದರ ಮೇಲೆ ಹಿಡಿತವಿಲ್ಲ. ಮೆಮೊರಿಯನ್ನೂ ನೆಟ್‌ವರ್ಕನ್ನೂ ಮುಟ್ಟುವ ದಾರಿ ಅದಕ್ಕಿದೆ. ದೊಡ್ಡ ಆಫೀಸುಗಳಲ್ಲಿ ದೂರದಿಂದಲೇ ಯಂತ್ರ ರಿಪೇರಿ ಮಾಡಲು ಅನುಕೂಲ ಅಂತ ಇಟ್ಟದ್ದು, ನಿಜ. ಆದರೆ ಬೇಡ ಅನ್ನುವವನಿಗೆ ತೆಗೆಯುವ ದಾರಿಯನ್ನೇ ಇಡಲಿಲ್ಲವಲ್ಲ. 2017ರ ಮೇ ತಿಂಗಳಲ್ಲಿ ಇದರ ಮೇಲೆ ಓಡುವ ಎಎಂಟಿಯಲ್ಲಿ ಒಂದು ದೋಷ ಬಯಲಾಯಿತು. ಪಾಸ್‌ವರ್ಡಿನ ಉತ್ತರ ಇರಬೇಕಾದ ಜಾಗದಲ್ಲಿ ಖಾಲಿ ಉತ್ತರ ಕಳಿಸಿದರೆ ಒಳಗೆ ಬಿಡುತ್ತಿತ್ತು! ಅದೇ ವರ್ಷ, ಇದರ ಹೊಸ ಆವೃತ್ತಿಗಳೊಳಗೆ ಓಡುತ್ತಿರುವುದು ಮಿನಿಕ್ಸ್ ಅಂತ ಗೊತ್ತಾಗಿ, ಪಾಠ ಹೇಳಲೆಂದು ಮಿನಿಕ್ಸ್ ಬರೆದಿದ್ದ ಪ್ರೊಫೆಸರ್ ಟ್ಯಾನೆನ್‌ಬಾಮ್ ಇಂಟೆಲ್‌ಗೆ ಬಹಿರಂಗ ಪತ್ರ ಬರೆದರು. ತನ್ನ ಕೂಸು ಇಷ್ಟು ಯಂತ್ರಗಳಲ್ಲಿ ಇದೆ ಅಂತ ಹೆತ್ತವರಿಗೇ ಗೊತ್ತಿರಲಿಲ್ಲ.

ಎಕ್ಸ್200ನಲ್ಲೂ ಈ ಎಂಜಿನ್ ಇದೆ. ಆದರೆ ಇದರ ಜಿಎಂ45 ಚಿಪ್‌ಸೆಟ್ಟಿನಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಿದರೂ ಯಂತ್ರ ಓಡುತ್ತದೆ. ಅದರ ನಂತರದ ಚಿಪ್‌ಸೆಟ್‌ಗಳಲ್ಲಿ ಹಾಗಿಲ್ಲ, ಎಂಜಿನ್ನಿನ ಫರ್ಮ್‌ವೇರ್ ಕಾಣದಿದ್ದರೆ ಅರ್ಧ ಗಂಟೆಗೆ ಯಂತ್ರವೇ ಆರಿಹೋಗುತ್ತದೆ. 8 ಎಂಬಿ ಚಿಪ್ಪಿರುವ ಎಕ್ಸ್200ನ ಮೂಲ ಫರ್ಮ್‌ವೇರನ್ನು ಬಿಡಿಸಿ ನೋಡಿದರೆ ನಗು ಬರುತ್ತದೆ. ಬಯೋಸ್‌ಗೆ ಇರುವ ಜಾಗ 2 ಎಂಬಿ. ಉಳಿದ ಹತ್ತಿರ ಹತ್ತಿರ 6 ಎಂಬಿ ಈ ಎಂಜಿನ್ನಿನದು. ಬಾಡಿಗೆದಾರ ಮೂರು ಕೋಣೆ ಹಿಡಿದು ಮಾಲೀಕನಿಗೆ ಒಂದು ಕೋಣೆ! ಲಿಬ್ರೆಬೂಟ್ ಹಾಕಿದ ಮೇಲೆ ಚಿಪ್ಪಿನ ನಕ್ಷೆ ಹೇಳುವ ಭಾಗಕ್ಕೆ 4 ಕೆಬಿ, ನೆಟ್‌ವರ್ಕ್ ಕಾರ್ಡಿನ ವಿವರಕ್ಕೆ 8 ಕೆಬಿ, ಒಟ್ಟು 12 ಕೆಬಿ ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮದು.

ಇನ್ನೊಂದು ಕಿರಿಕಿರಿ. ಆ ಕಾಲದ ಥಿಂಕ್‌ಪ್ಯಾಡ್‌ಗಳ ಬಯೋಸ್ ಒಳಗೆ ಒಪ್ಪಿತ ವೈಫೈ ಕಾರ್ಡುಗಳ ಪಟ್ಟಿ ಇರುತ್ತಿತ್ತು. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಹಾಕಿದರೆ 1802 ಅಂತ ದೋಷದ ಸಂಖ್ಯೆ ತೋರಿಸಿ ಬೂಟ್ ಆಗದೆ ನಿಲ್ಲುತ್ತಿತ್ತು. ಮುಚ್ಚಿದ ಫರ್ಮ್‌ವೇರ್ ಬೇಡದ ಅಥೆರಾಸ್ ಕಾರ್ಡುಗಳು ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಸ್ಲಾಟ್ ಸರಿ ಇದೆ, ಕಾರ್ಡ್ ಸರಿ ಇದೆ, ಆಪರೇಟಿಂಗ್ ಸಿಸ್ಟಮ್‌ಗೂ ತಕರಾರಿಲ್ಲ. ಬೇಡ ಅನ್ನುವುದು ಬಯೋಸ್ ಒಂದೇ. ಈ ಒಂದು ಕಾರಣಕ್ಕೇ ಲಿಬ್ರೆಬೂಟ್ ಹಾಕಿಕೊಂಡವರು ಎಷ್ಟೋ ಜನ. ತತ್ವ ಆಮೇಲೆ, ಮೊದಲು ವೈಫೈ!

ಹಾಕುವುದು ಹೇಗೆ? ಎಕ್ಸ್200ನಲ್ಲಿ ಮೂಲ ಬಯೋಸ್ ತನ್ನ ಚಿಪ್ಪಿನ ಮೇಲೆ ಬರೆಯಲು ಬಿಡುವುದಿಲ್ಲ, ಹಾಗಾಗಿ ಮೊದಲ ಸಲ ಹೊರಗಿನಿಂದಲೇ ಬರೆಯಬೇಕು. ಬ್ಯಾಟರಿ ತೆಗೆದು, ಚಾರ್ಜರ್ ಕಿತ್ತು, ಕೆಳಗಿನ ಸ್ಕ್ರೂಗಳನ್ನು ಬಿಚ್ಚಿದರೆ ಕೀಬೋರ್ಡೂ ಕೈ ಊರುವ ಪಟ್ಟಿಯೂ ಬರುತ್ತವೆ. ಪಟ್ಟಿಯ ಕೆಳಗೆ ಒಂದು ಟೇಪು. ಅದನ್ನು ಎತ್ತಿದರೆ ಚಿಪ್ಪು. ಇದೇ ಕಾಲದ ಟಿ400 ಆಗಿದ್ದರೆ ಮದರ್‌ಬೋರ್ಡನ್ನೇ ಹೊರಗೆ ತೆಗೆಯಬೇಕಿತ್ತು, ಆದ್ದರಿಂದ ಮೊದಲ ಸಲ ಮಾಡುವವರು ಎಕ್ಸ್200 ಆರಿಸಿಕೊಳ್ಳುವುದೇ ವಾಸಿ. ಚಿಪ್ಪಿಗೆ ಹದಿನಾರು ಕಾಲಿದ್ದರೆ ಸಾಮಾನ್ಯವಾಗಿ 8 ಎಂಬಿ, ಎಂಟು ಕಾಲಿದ್ದರೆ 4 ಎಂಬಿ. ಎಷ್ಟೇ ಕಾಲಿದ್ದರೂ ನಮಗೆ ಬೇಕಾದ್ದು ಆರು ತಂತಿ. ವಿದ್ಯುತ್ತಿಗೆ ಎರಡು, ಮಾಹಿತಿ ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು, ತಾಳ ಹಾಕಲು ಒಂದು, "ಏಯ್ ನಿನ್ನನ್ನೇ ಕರೆದದ್ದು" ಅಂತ ಚಿಪ್ಪಿಗೆ ಹೇಳಲು ಇನ್ನೊಂದು. ಚಿಪ್ಪನ್ನು ಕಚ್ಚಿ ಹಿಡಿಯುವ ಕ್ಲಿಪ್ಪಿಗೆ ಈ ತಂತಿಗಳನ್ನು ಸಿಕ್ಕಿಸಿ ಇನ್ನೊಂದು ತುದಿಯನ್ನು ರಾಸ್ಪ್‌ಬೆರಿ ಪೈಗೆ ಕೊಟ್ಟರೆ ಆಯಿತು. ಫ್ಲ್ಯಾಶ್‌ರೋಮ್ ಅನ್ನುವ ಪ್ರೋಗ್ರಾಮು ಓದುವುದು ಬರೆಯುವುದು ಎರಡನ್ನೂ ಮಾಡುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಚಿಪ್ಪು 3.3 ವೋಲ್ಟಿನದು. ಪೈನ ಕಾಲುಗಳೂ 3.3 ವೋಲ್ಟ್, ಹಾಗಾಗಿ ಹೊಂದುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಸಿಎಚ್341ಎ ಅನ್ನುವ ಕಪ್ಪು ಬಣ್ಣದ ಪ್ರೋಗ್ರಾಮರುಗಳು ವಿದ್ಯುತ್ತನ್ನು 3.3 ಕೊಟ್ಟರೂ ಮಾಹಿತಿಯ ತಂತಿಗಳಲ್ಲಿ 5 ವೋಲ್ಟ್ ಬಿಡುತ್ತವೆ. "ನನಗೇನೂ ಆಗಲಿಲ್ಲ" ಅನ್ನುವವರು ಸಿಗುತ್ತಾರೆ. ಹೆಲ್ಮೆಟ್ ಇಲ್ಲದೆ ಓಡಾಡುವವರೂ ಹಾಗೇ ಅನ್ನುತ್ತಾರೆ.

ಬರೆಯುವ ಮುಂಚೆ ಹಳೆಯದನ್ನು ಓದಿಟ್ಟುಕೊಳ್ಳಬೇಕು. ಒಂದು ಸಲ ಅಲ್ಲ, ಮೂರು ಸಲ. ಮೂರು ಫೈಲುಗಳ ಚೆಕ್‌ಸಮ್ ಒಂದೇ ಬರಬೇಕು. ಎಸ್.ಪಿ. ರೋಡಿನಲ್ಲಿ ತಂದಿದ್ದ ಕ್ಲಿಪ್ಪಿನ ಹಿಡಿತ ಸಡಿಲ, ನನಗೆ ಮೊದಲ ಎರಡು ಸಲ ಬೇರೆ ಬೇರೆ ಬಂತು. ಕ್ಲಿಪ್ ತೆಗೆದು ಮತ್ತೆ ಕೂರಿಸಿ, ವೇಗ ಕಡಿಮೆ ಮಾಡಿ, ಉದ್ದ ತಂತಿ ಬದಲು ಗಿಡ್ಡ ತಂತಿ ಹಾಕಿದ ಮೇಲೆ ಮೂರೂ ಒಂದೇ ಆಯಿತು. ಈ ಹಂತದಲ್ಲಿ ಅವಸರ ಮಾಡದಿದ್ದರೆ ಮಿಕ್ಕ ಯಾವುದಕ್ಕೂ ಹೆದರಬೇಕಿಲ್ಲ. ಹಳೆಯ ಪ್ರತಿ ಕೈಯಲ್ಲಿದ್ದರೆ, ಬರೆದದ್ದು ಕೆಟ್ಟುಹೋದರೂ ಅದೇ ಕ್ಲಿಪ್ಪಿನಿಂದ ಹಿಂದಕ್ಕೆ ಬರೆಯಬಹುದು. ಹೊರಗಿನಿಂದ ಬರೆಯುವ ಸಾಧನ ಇರುವವನ ಯಂತ್ರ "ಇಟ್ಟಿಗೆ" ಆಗುವುದು ಬಲು ಅಪರೂಪ. ಅಂದ ಹಾಗೆ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಆ 8 ಕೆಬಿಯೊಳಗೆ ಇರುತ್ತದೆ. ಬಿಚ್ಚುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಹೊಸ ಫೈಲಿನಲ್ಲಿ ಅದನ್ನೇ ತುಂಬಬೇಕು.

ಒಂದು ಸಲ ಮುಗಿದರೆ ಆಮೇಲಿನ ಅಪ್‌ಡೇಟುಗಳಿಗೆ ಸ್ಕ್ರೂಡ್ರೈವರ್ ಬೇಡ, ಲಿನಕ್ಸ್ ಒಳಗಿನಿಂದಲೇ ಬರೆಯಬಹುದು. ಕಂಪನಿಯ ಲಾಂಛನ ಹೋಗಿ ನೇರ ಗ್ರಬ್ ಮೆನು ಬಂದಾಗ ಆದ ಖುಷಿಯನ್ನು ನಾನು ವಿವರಿಸಲು ಹೋಗುವುದಿಲ್ಲ. ಮನೆಯವರು ನೋಡಿ "ಅಷ್ಟೇನಾ?" ಅಂದರು. ಹೌದು, ಅಷ್ಟೇ :)

ಇನ್ನು ಜಗಳದ ವಿಷಯ. ಲಿಬ್ರೆಬೂಟ್ ಮೊದಲೆಲ್ಲ ಕಟ್ಟಾ ಮಡಿವಂತ ಯೋಜನೆ. ಮುಚ್ಚಿದ ಒಂದು ಬೈಟೂ ಒಳಗೆ ಬರಬಾರದು ಅನ್ನುವ ನಿಯಮ. ಪ್ರೊಸೆಸರಿನ ಮೈಕ್ರೋಕೋಡ್ ಅಪ್‌ಡೇಟನ್ನೂ ಸೇರಿಸುತ್ತಿರಲಿಲ್ಲ. 2022ರ ನವೆಂಬರಿನಲ್ಲಿ ನೀತಿ ಬದಲಾಯಿತು. ಸಾಧ್ಯವಾದಷ್ಟು ಕಡಿಮೆ ಮಾಡೋಣ, ಆದರೆ ಅದಿಲ್ಲದೆ ಯಂತ್ರ ಏಳುವುದೇ ಇಲ್ಲ ಅಂದರೆ ಸೇರಿಸೋಣ ಅಂದರು. ಮಡಿವಂತರಿಗೆ ಸಿಟ್ಟು ಬಂತು, ಹಳೇ ನಿಯಮ ಇಟ್ಟುಕೊಂಡು ಗ್ನೂ ಬೂಟ್ ಅಂತ ಬೇರೆ ಮನೆ ಹೂಡಿದರು.

ನಾನು ಇಲ್ಲಿ ಮಡಿವಂತರ ಕಡೆ ಇಲ್ಲ. ಮೈಕ್ರೋಕೋಡ್ ಅನ್ನುವುದು ಪ್ರೊಸೆಸರಿನೊಳಗೆ ಕಾರ್ಖಾನೆಯಲ್ಲೇ ಸುಟ್ಟು ಕೂರಿಸಿದ್ದು. ಅಪ್‌ಡೇಟ್ ಬೇಡ ಅಂದರೆ ಮುಚ್ಚಿದ ಕೋಡ್ ಹೋಗುವುದಿಲ್ಲ, ತಪ್ಪುಗಳಿರುವ ಹಳೇ ಮುಚ್ಚಿದ ಕೋಡ್ ಉಳಿಯುತ್ತದೆ ಅಷ್ಟೆ. ಹಳಸಿದ ಅನ್ನ ಉಂಡರೂ ಪರವಾಗಿಲ್ಲ, ಬೇರೆಯವರ ಮನೆಯ ಅನ್ನ ಮುಟ್ಟುವುದಿಲ್ಲ ಅನ್ನುವ ಹಾಗಾಯಿತು. ಅದೂ ಅಲ್ಲದೆ ಪೂರ್ತಿ ಮಡಿ ಅಂತ ಅವರು ಸರ್ಟಿಫಿಕೇಟ್ ಕೊಡುವ ಲ್ಯಾಪ್‌ಟಾಪಿನಲ್ಲೂ ಕೀಬೋರ್ಡು, ಬ್ಯಾಟರಿ ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರಿನ ಫರ್ಮ್‌ವೇರ್ ಮುಚ್ಚಿದ್ದೇ. ಹಾರ್ಡ್‌ಡಿಸ್ಕಿನೊಳಗಿನದೂ ಮುಚ್ಚಿದ್ದೇ. ಹಾಗಂತ ಮಡಿವಂತರನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸಿಲ್ಲ. ಅವರು ಹಟ ಹಿಡಿದು ಕೂರದಿದ್ದರೆ ಎಕ್ಸ್200ನಿಂದ ಆ ಎಂಜಿನ್ನನ್ನು ಪೂರ್ತಿ ಕಿತ್ತು ನೋಡುವ ಕೆಲಸಕ್ಕೆ ಅಷ್ಟು ಜನ ಬೆವರು ಸುರಿಸುತ್ತಿರಲಿಲ್ಲ.

ಸುರಕ್ಷತೆಯ ಮಾತು ಬಂದಾಗಲೂ ಅತಿಯಾಗಿ ಹೊಗಳುವವರನ್ನು ನಂಬಬೇಡಿ. 2018ರ ಜನವರಿಯಲ್ಲಿ ಸ್ಪೆಕ್ಟರ್ ದೋಷ ಹೊರಬಂತಲ್ಲ, ಅದಕ್ಕೆ ಮೈಕ್ರೋಕೋಡ್ ಪರಿಹಾರ ಕೊಡುವ ಪಟ್ಟಿಯಿಂದ ಎಕ್ಸ್200ನಲ್ಲಿರುವ ಪೆನ್ರಿನ್ ಪೀಳಿಗೆಯನ್ನು ಇಂಟೆಲ್ ಅದೇ ವರ್ಷ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಅಂದರೆ ಲಿಬ್ರೆಬೂಟ್ ಹಾಕಿದರೂ ಆ ತೂತು ಪ್ರೊಸೆಸರಿನ ಮಟ್ಟದಲ್ಲಿ ಮುಚ್ಚುವುದಿಲ್ಲ, ಕರ್ನೆಲ್ ಮಾಡುವಷ್ಟು ಮಾಡುತ್ತದೆ. ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುವುದಂತೂ ಇದ್ದೇ ಇದೆ. ಸಾಮಾನ್ಯರಿಗೆ ದಿನನಿತ್ಯದ ಅಪಾಯ ಫರ್ಮ್‌ವೇರಿಗಿಂತ ಮೋಸದ ಲಿಂಕುಗಳಿಂದಲೇ ಹೆಚ್ಚು. ನಾನು ಇದನ್ನು ಹಾಕಿಕೊಳ್ಳಿ ಅನ್ನುವುದು "ಯಾರೂ ಒಳನುಗ್ಗಲಾರರು" ಅಂತಲ್ಲ. ಕೆಟ್ಟರೆ ರಿಪೇರಿ ಮಾಡಲು ನಮಗೆ ಅವಕಾಶ ಇರುತ್ತದೆ ಅಂತ.

ಕನ್ನಡದಲ್ಲಿ ಬ್ಲಾಗ್ ಬರೆಯುವ ನಮಗೆ ಇದು ಹೊಸ ಪಾಠವೇನೂ ಅಲ್ಲ. ಯೂನಿಕೋಡ್‌ಗೆ ಮುಂಚೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟ್, ಒಂದೊಂದು ಫಾಂಟಿಗೆ ಅದರದ್ದೇ ಸಂಕೇತ. ಬರೆದವರು ನಾವು, ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಷ್ಟು ಜನರ ಹಳೇ ಕಥೆ, ಕವನ, ಸ್ಮರಣ ಸಂಚಿಕೆಗಳು ಇನ್ನೂ ಹಾಗೇ ಸಿಡಿಗಳಲ್ಲಿ ಸಿಕ್ಕಿಕೊಂಡಿವೆಯೋ! ಯಾವ ಸಂಕೇತಕ್ಕೆ ಯಾವ ಅಕ್ಷರ ಅಂತ ಕೂತು ಹೊಂದಿಸಿ ಪರಿವರ್ತಕಗಳನ್ನು ಬರೆದವರಿಂದ ಒಂದಿಷ್ಟು ಉಳಿಯಿತು. ಮೇಲೆ ಕಾಣುವ ಅಕ್ಷರ ನಮ್ಮದಾದರೆ ಸಾಲದು, ಕೆಳಗಿನ ಪದರವೂ ಎಲ್ಲರಿಗೂ ತಿಳಿದದ್ದಾಗಿರಬೇಕು ಅಂತ ಆಗ ನಾವೇ ಕಂಡುಕೊಂಡೆವು. ಈಗ ನಾನು ಹೇಳುತ್ತಿರುವುದು ಅದಕ್ಕಿಂತ ಇನ್ನೊಂದು ಪದರ ಕೆಳಗಿನದು.

ಮತ್ತು ಆ ಪದರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. 2013ರಿಂದೀಚೆಗೆ ಇಂಟೆಲ್ ಪ್ರೊಸೆಸರುಗಳಲ್ಲಿ ಬೂಟ್ ಗಾರ್ಡ್ ಬಂತು. ಲ್ಯಾಪ್‌ಟಾಪ್ ತಯಾರಕರು ತಮ್ಮ ಕೀಲಿಯ ಗುರುತನ್ನು ಚಿಪ್‌ಸೆಟ್ಟಿನೊಳಗೆ ಶಾಶ್ವತವಾಗಿ ಸುಟ್ಟುಬಿಡಬಹುದು. ಆಮೇಲೆ ಅವರು ಸಹಿ ಹಾಕದ ಫರ್ಮ್‌ವೇರ್ ಬರೆದರೆ ಯಂತ್ರ ಏಳುವುದಿಲ್ಲ. ಕ್ಲಿಪ್ಪು, ಪೈ, ತಾಳ್ಮೆ ಎಲ್ಲ ಇದ್ದರೂ ಉಪಯೋಗವಿಲ್ಲ. 2018ರ ಥಿಂಕ್‌ಪ್ಯಾಡ್ ಟಿ480ಗೆ ಲಿಬ್ರೆಬೂಟ್ ಬಂದದ್ದು 2024ರ ಕೊನೆಗೆ. ಅದೂ ಹೇಗೆ ಗೊತ್ತಾ? 2017ರಲ್ಲಿ ಪಾಸಿಟಿವ್ ಟೆಕ್ನಾಲಜೀಸ್ ಸಂಶೋಧಕರು ಮ್ಯಾನೇಜ್‌ಮೆಂಟ್ ಎಂಜಿನ್ನಿನಲ್ಲಿ ಕಂಡುಹಿಡಿದ ತೂತನ್ನು ಬಳಸಿ, ಬೂಟ್ ಗಾರ್ಡನ್ನು ಮರುಳು ಮಾಡಿ. ತನ್ನದೇ ಮನೆಗೆ ಮಾಲೀಕ ಕಿಟಕಿ ಒಡೆದು ಒಳಗೆ ಹೋಗಬೇಕು! ಆ ತೂತು ಇಲ್ಲದಿದ್ದರೆ ಅದೂ ಇಲ್ಲ.

ಕಳ್ಳರು ಫರ್ಮ್‌ವೇರ್ ಬದಲಿಸಬಾರದು ಅನ್ನುವ ವಾದ ನನಗೂ ಒಪ್ಪಿಗೆ. 2018ರಲ್ಲಿ ಈಸೆಟ್ ಕಂಪನಿ ಪತ್ತೆ ಹಚ್ಚಿದ ಲೋಜ್ಯಾಕ್ಸ್ ಅಂಥದ್ದೇ, ಹಾರ್ಡ್‌ಡಿಸ್ಕ್ ಬದಲಿಸಿದರೂ ಹೋಗದೆ ಚಿಪ್ಪಿನೊಳಗೆ ಕೂರುವ ಕುತಂತ್ರಾಂಶ. ಬೀಗ ಇರಲಿ, ಯಾರು ಬೇಡ ಅಂದರು? ಕೀಲಿ ಕೊಂಡವನ ಕೈಗೂ ಕೊಡಿ ಅನ್ನುವುದಷ್ಟೇ ಪ್ರಶ್ನೆ. ಕ್ರೋಮ್‌ಬುಕ್‌ಗಳಲ್ಲಿ ಬರೆಯದಂತೆ ತಡೆಯುವ ರಕ್ಷಣೆ ಇದೆ, ಆದರೆ ಹಲವು ಮಾದರಿಗಳಲ್ಲಿ ಹಿಂಬದಿ ಬಿಚ್ಚಿ ಒಂದು ಸ್ಕ್ರೂ ತೆಗೆದರೆ ಅದು ಹೋಗುತ್ತದೆ. ದೂರದ ಕಳ್ಳನಿಗೆ ಆ ಸ್ಕ್ರೂ ಎಟುಕುವುದಿಲ್ಲ, ಎದುರು ಕೂತ ಮಾಲೀಕನಿಗೆ ಎಟುಕುತ್ತದೆ. ಇಷ್ಟು ಸರಳ ಉಪಾಯ ಇದ್ದೂ ಬೇರೆಯವರು ಮಾಡುತ್ತಿಲ್ಲ ಅಂದರೆ ಅದು ತಾಂತ್ರಿಕ ತೊಡಕಲ್ಲ, ಮನಸ್ಸಿಲ್ಲ ಅಷ್ಟೆ. ಕಂಪನಿ ತನ್ನ ಒಂದು ಮಾದರಿಗೆ ಅಪ್‌ಡೇಟ್ ನಿಲ್ಲಿಸುವ ದಿನವೇ ಅದರ ಫರ್ಮ್‌ವೇರ್ ಬೀಗ ತೆರೆದುಕೊಡಬೇಕು ಅಂತ ಕಾನೂನು ಮಾಡಿದರೂ ನನ್ನ ಅಭ್ಯಂತರವಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಾಗ ಎಷ್ಟೊಂದು ಗಟ್ಟಿಮುಟ್ಟು ಯಂತ್ರಗಳು ಗುಜರಿಯ ದಾರಿ ಹಿಡಿದವು ನೋಡಿದೆವಲ್ಲ. ಲಿನಕ್ಸ್ ಹಾಕಿದರೆ ಅವಕ್ಕೆ ಇನ್ನಷ್ಟು ವರ್ಷ ಆಯಸ್ಸು. ಫರ್ಮ್‌ವೇರಿನ ತೂತು ಮುಚ್ಚುವವರು ಯಾರು ಅನ್ನುವುದಕ್ಕೆ ಮಾತ್ರ ಅವುಗಳಲ್ಲಿ ಬಹುಪಾಲಿನ ಮಟ್ಟಿಗೆ ಉತ್ತರವಿಲ್ಲ.

ದಿನಾ ದುಡಿಯುವ ಒಂದೇ ಒಂದು ಲ್ಯಾಪ್‌ಟಾಪಿನ ಮೇಲೆ ಈ ಪ್ರಯೋಗ ಬೇಡ. ಎರಡನೆಯದೊಂದು ಇರಲಿ. ನಿಮ್ಮ ಮಾದರಿ ಲಿಬ್ರೆಬೂಟ್ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ಹೆಸರು ಹತ್ತಿರದ್ದು ಅಂತ ಬೇರೆ ಮಾದರಿಯ ಫೈಲ್ ಹಾಕಬೇಡಿ. ಎಕ್ಸ್200 ತುಂಬ ಹಳೆಯದಾಯಿತು ಅನ್ನಿಸಿದರೆ ಟಿ440ಪಿ ನೋಡಬಹುದು, ಅಲ್ಲಿ ಎಂಜಿನ್ ಪೂರ್ತಿ ಹೋಗುವುದಿಲ್ಲ, ಆದರೆ ಅದರ ಬಹುಭಾಗವನ್ನು ಕತ್ತರಿಸಿ ಹಾಕಬಹುದು, ಬ್ರೌಸರೂ ಏದುಸಿರು ಬಿಡುವುದಿಲ್ಲ. ಎಂಟು ಕಾಲಿನದು, ಹದಿನಾರು ಕಾಲಿನದು ಎರಡೂ ಕ್ಲಿಪ್ ನನ್ನ ಹತ್ತಿರ ಇವೆ (ಈ ಸಲ ಗಟ್ಟಿ ಹಿಡಿತದವು). ಬೆಂಗಳೂರಿನಲ್ಲಿರುವವರು ಯಾರಾದರೂ ಮಾಡುವುದಾದರೆ ಕೆಳಗೆ ಕಮೆಂಟ್ ಹಾಕಿ, ಪೈಯನ್ನೂ ತರುತ್ತೇನೆ. ಸ್ಕ್ರೂ ಹಾಕಿಡಲು ಒಂದು ಬಟ್ಟಲು ನೀವು ತನ್ನಿ.